ಹೊಲಮನೆಗೂ ಕುರಿಹಿಂಡಿಗೂ ತಕ್ಕ ನಾಯಿ: ಆಯ್ಕೆಯ ಕ್ರಮ ಮತ್ತು ಮರಿ ತರಬೇಕಾದ ಸ್ಥಳ

ಪೀಠಿಕೆ

ಎತ್ತನ್ನು ಕೊಳ್ಳುವಾಗ ರೈತರು ಹಲ್ಲು, ಸುಳಿ, ಗೊರಸು, ನಡೆ ಎಲ್ಲವನ್ನೂ ನೋಡುತ್ತಾರೆ, ಬಲ್ಲವರನ್ನು ವಿಚಾರಿಸುತ್ತಾರೆ, ಒಮ್ಮೆ ನೊಗ ಕಟ್ಟಿ ಪರೀಕ್ಷಿಸುತ್ತಾರೆ. ಆದರೆ ಹತ್ತು ಹನ್ನೆರಡು ವರ್ಷ ಮನೆಯ ಬಾಗಿಲಲ್ಲಿ ಇರಬೇಕಾದ ನಾಯಿಯನ್ನು ತರುವಾಗ ಮಾತ್ರ ಮರಿಯ ಬಣ್ಣ, ಮುದ್ದು ಮುಖ ಅಥವಾ ತಳಿಯ ಹೆಸರನ್ನಷ್ಟೇ ನೋಡಿ ನಿರ್ಧರಿಸುವುದು ಸಾಮಾನ್ಯವಾಗಿದೆ.

ಇದರ ಪರಿಣಾಮಗಳನ್ನು ಪಶು ಆಸ್ಪತ್ರೆಗಳಲ್ಲಿ ಕಾಣಬಹುದು. ಕುರಿ ಕಾಯಲೆಂದು ತಂದ ಬೇಟೆ ತಳಿಯ ನಾಯಿ ವರ್ಷ ತುಂಬುವುದರೊಳಗೆ ಕುರಿಮರಿಗಳನ್ನೇ ಬೆನ್ನಟ್ಟುತ್ತದೆ. ದಟ್ಟ ಕೂದಲಿನ ವಿದೇಶಿ ನಾಯಿ ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿನಲ್ಲಿ ಏದುಸಿರು ಬಿಡುತ್ತಾ ಮಲಗಿಬಿಡುತ್ತದೆ. ಸಂತೆಯಲ್ಲಿ ಕೊಂಡ ಮರಿ ವಾರದೊಳಗೆ ರಕ್ತಭೇದಿಯಿಂದ ಸಾಯುತ್ತದೆ. ಕೆಲಸಕ್ಕೆ ಬಾರದ ನಾಯಿಯನ್ನು ಕೊನೆಗೆ ಊರ ಹೊರಗೆ ಬಿಟ್ಟುಬರುವವರೂ ಇದ್ದಾರೆ. ಹಾಗೆ ಬಿಟ್ಟ ನಾಯಿಯೇ ಮುಂದೆ ನೆರೆಯವರ ಕುರಿಗಳಿಗೂ ಊರಿನ ಮಕ್ಕಳಿಗೂ ಅಪಾಯಕಾರಿಯಾಗುತ್ತದೆ.

ಈ ನಷ್ಟಗಳನ್ನು ತಪ್ಪಿಸಲು ಅನುಸರಿಸಬೇಕಾದ ಕ್ರಮ ಸರಳವಾಗಿದೆ. ಮೊದಲು ನಾಯಿಯಿಂದ ಆಗಬೇಕಾದ ಕೆಲಸವನ್ನು ನಿಶ್ಚಯಿಸಬೇಕು. ಆ ಕೆಲಸಕ್ಕೆ ಒಗ್ಗುವ ತಳಿಯನ್ನು ಅನಂತರ ಆರಿಸಬೇಕು. ಕೊನೆಯದಾಗಿ, ತಾಯಿಯನ್ನು ಕಣ್ಣಾರೆ ಕಂಡು, ಎಂಟು ವಾರ ತುಂಬಿದ ಮರಿಯನ್ನು ತರಬೇಕು. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಮೊದಲ ಹೆಜ್ಜೆ: ಕೆಲಸವನ್ನು ನಿಶ್ಚಯಿಸುವುದು

ಕೃಷಿ ಕುಟುಂಬಗಳು ನಾಯಿಯಿಂದ ನಿರೀಕ್ಷಿಸುವ ಕೆಲಸಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಮನೆ ಮತ್ತು ಕೊಟ್ಟಿಗೆಯ ಕಾವಲು: ಅಪರಿಚಿತರು ಬಂದಾಗ ಬೊಗಳಿ ಎಚ್ಚರಿಸುವುದೇ ಇಲ್ಲಿ ಮುಖ್ಯ. ಇದಕ್ಕೆ ದೊಡ್ಡ ಗಾತ್ರದ ನಾಯಿ ಬೇಕಿಲ್ಲ. ಕಿವಿ ಚುರುಕಾಗಿರಬೇಕು, ಮನೆಯ ಎಲ್ಲೆ ಬಿಟ್ಟು ಅಲೆಯಬಾರದು, ಮನೆಯ ಮಕ್ಕಳೊಂದಿಗೆ ಸೌಮ್ಯವಾಗಿರಬೇಕು. ಕಚ್ಚುವ ಸ್ವಭಾವವನ್ನು ಕಾವಲಿನ ಗುಣವೆಂದು ಎಣಿಸುವುದು ತಪ್ಪು. ಹಾಲು ಹಾಕಲು ಬರುವವರು, ಕೂಲಿಯಾಳುಗಳು, ಅಂಚೆಯವರು ನಿತ್ಯ ಓಡಾಡುವ ಮನೆಯಲ್ಲಿ ಕಚ್ಚುವ ನಾಯಿ ಒಂದು ಹೊಣೆಗಾರಿಕೆಯೇ ಸರಿ.

2. ಕುರಿ, ಮೇಕೆಗಳ ಹಿಂಡಿನ ಕಾವಲು: ಇಲ್ಲಿ ನಾಯಿಯು ಹಿಂಡಿನೊಂದಿಗೆ ನಡೆಯಬೇಕು, ರಾತ್ರಿ ದೊಡ್ಡಿಯ ಸುತ್ತ ಎಚ್ಚರವಾಗಿರಬೇಕು, ತೋಳದ ಸುಳಿವು ಸಿಕ್ಕೊಡನೆ ಕುರಿಗಾಹಿಯನ್ನು ಎಬ್ಬಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಓಡುವ ಕುರಿಯನ್ನು ಕಂಡು ಅದರ ಬೆನ್ನು ಹತ್ತಬಾರದು. ಈ ಒಂದು ಗುಣವಿಲ್ಲದಿದ್ದರೆ ಉಳಿದ ಗುಣಗಳೆಲ್ಲವೂ ವ್ಯರ್ಥ.

3. ಬೆಳೆಯ ಕಾವಲು: ಮಂಗ, ಕಾಡುಹಂದಿ, ನವಿಲುಗಳು ಬಂದಾಗ ಸದ್ದು ಮಾಡಿ ಬೆದರಿಸುವುದು ಮತ್ತು ಮಾಳದಲ್ಲಿರುವ ರೈತರಿಗೆ ತಿಳಿಸುವುದು ಈ ನಾಯಿಯ ಕೆಲಸ.

ನಾಯಿಯಿಂದ ಆಗದ ಕೆಲಸಗಳನ್ನೂ ಇಲ್ಲಿಯೇ ತಿಳಿದಿರಬೇಕು. ಯಾವ ತಳಿಯ ನಾಯಿಯೂ ಚಿರತೆಯನ್ನು ಎದುರಿಸಿ ಗೆಲ್ಲಲಾರದು. ನಾಯಿಯು ಚಿರತೆಗೆ ಸುಲಭದ ಆಹಾರ. ಆದ್ದರಿಂದ ಚಿರತೆಯ ಓಡಾಟವಿರುವ ಪ್ರದೇಶಗಳಲ್ಲಿ ನಾಯಿಯನ್ನು ರಾತ್ರಿ ಅಂಗಳದಲ್ಲಿ ಸರಪಳಿಯಿಂದ ಕಟ್ಟಿಹಾಕಿದರೆ ಅದು ಚಿರತೆಯನ್ನು ಮನೆಯ ಬಾಗಿಲಿಗೇ ಕರೆದಂತಾಗುತ್ತದೆ. ಅಂತಹ ಕಡೆ ಮಾಡು ಮತ್ತು ಗಟ್ಟಿಯಾದ ಜಾಲರಿಯುಳ್ಳ ಮುಚ್ಚಿದ ಗೂಡು ಇರಲೇಬೇಕು. ಹಾಗೆಯೇ ನಾಯಿಗಳನ್ನು ಬಿಟ್ಟು ಮೊಲ, ಕಾಡುಹಂದಿ, ಕೃಷ್ಣಮೃಗಗಳನ್ನು ಬೇಟೆಯಾಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಬೇಟೆಯ ಉದ್ದೇಶಕ್ಕೆ ನಾಯಿಯನ್ನು ಆರಿಸುವ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯ ಹೆಜ್ಜೆ: ಕೆಲಸಕ್ಕೆ ತಕ್ಕ ತಳಿ

ಮುಧೋಳ ನಾಯಿ

ಕರ್ನಾಟಕದ ಹೆಮ್ಮೆಯಾದ ಈ ತಳಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ಪಟ್ಟಣದಿಂದ ಹೆಸರು ಬಂದಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯ ಪೋಷಣೆಗೆ ಪ್ರಸಿದ್ಧರು. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನ್ ಎಂದು ಕರೆಯುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶೀಯ ನಾಯಿಗಳ ಕುರಿತು ಹೊರತಂದ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯೂ ಸೇರಿತ್ತು. ಮೀರತ್‌ನಲ್ಲಿರುವ ಭಾರತೀಯ ಸೇನೆಯ ಶ್ವಾನ ತರಬೇತಿ ಕೇಂದ್ರವೂ ಮುಧೋಳ ಮರಿಗಳನ್ನು ತರಬೇತಿಗಾಗಿ ಪಡೆದಿದೆ. 2020ರ ಆಗಸ್ಟ್ 30ರಂದು ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ಇದನ್ನು ಹೆಸರಿಸಿದರು. ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶದಲ್ಲಿ ಮೊದಲು ನೋಂದಾಯಿಸಿದ ನಾಯಿ ತಳಿಗಳಲ್ಲಿ ರಾಜಪಾಳಯಂ, ಚಿಪ್ಪಿಪಾರೈಗಳೊಂದಿಗೆ ಮುಧೋಳವೂ ಒಂದು.

ಉದ್ದವಾದ ಕಿರಿದಾದ ತಲೆ, ಆಳವಾದ ಎದೆ, ಬೆನ್ನಿನತ್ತ ಸೆಳೆದುಕೊಂಡಂತಿರುವ ಹೊಟ್ಟೆ, ಉದ್ದನೆಯ ಕಾಲುಗಳು, ನುಣುಪಾದ ಗಿಡ್ಡ ಕೂದಲು ಇದರ ಲಕ್ಷಣಗಳು. ಭುಜದ ಎತ್ತರ ಸುಮಾರು 65ರಿಂದ 72 ಸೆಂ.ಮೀ. ಇರುತ್ತದೆ. ಬಿಸಿಲನ್ನು ತಾಳುತ್ತದೆ, ಮಿತವಾಗಿ ತಿನ್ನುತ್ತದೆ, ಮನೆಯವರಿಗೆ ನಿಷ್ಠವಾಗಿರುತ್ತದೆ. ಅಪರಿಚಿತರು ಮುಟ್ಟುವುದನ್ನು ಸಹಿಸುವುದಿಲ್ಲ.

ಆದರೆ ಇದು ಮೂಲತಃ ಕಣ್ಣಿನಿಂದ ಗುರುತಿಸಿ ವೇಗದಿಂದ ಬೆನ್ನಟ್ಟುವ ನಾಯಿ. ಚಲಿಸುವ ವಸ್ತುವನ್ನು ಕಂಡರೆ ಓಡುವುದು ಇದರ ಹುಟ್ಟುಗುಣ. ಮನೆ ಮತ್ತು ತೋಟದ ಕಾವಲಿಗೆ, ಓಡಾಡಲು ಬೇಲಿ ಹಾಕಿದ ವಿಶಾಲ ಜಾಗವಿದ್ದಲ್ಲಿ, ಇದು ಉತ್ತಮ. ಮುಧೋಳ ಭಾಗದ ಕೆಲವು ಕುರಿಗಾಹಿಗಳು ಹಿಂಡಿನ ನಡುವೆಯೇ ಹುಟ್ಟಿ ಬೆಳೆದ ಮುಧೋಳ ನಾಯಿಗಳನ್ನು ಯಶಸ್ವಿಯಾಗಿ ಬಳಸುತ್ತಾರೆ. ಕುರಿಯನ್ನೇ ಕಾಣದೆ ಬೆಳೆದ ಮರಿಯನ್ನು ಆರು ತಿಂಗಳಾದ ಮೇಲೆ ಹಿಂಡಿಗೆ ಬಿಟ್ಟರೆ ಆ ಫಲ ದೊರೆಯುವುದಿಲ್ಲ. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವ ಮನೆಗೆ ಮುಧೋಳ ನಾಯಿ ಸೂಕ್ತವಲ್ಲ. ಕಟ್ಟಿದ ನಾಯಿ ಅಂಜುಬುರುಕ ಅಥವಾ ಸಿಡುಕಿನ ನಾಯಿಯಾಗುತ್ತದೆ. ಮೈಯಲ್ಲಿ ಕೊಬ್ಬು ಬಹಳ ಕಡಿಮೆಯಿರುವುದರಿಂದ ಕೆಲವು ಅರಿವಳಿಕೆ ಔಷಧಗಳು ಈ ಬಗೆಯ ನಾಯಿಗಳಲ್ಲಿ ಹೆಚ್ಚು ಹೊತ್ತು ಪರಿಣಾಮ ಬೀರುತ್ತವೆ. ಶಸ್ತ್ರಚಿಕಿತ್ಸೆಗೆ ಒಯ್ದಾಗ ತಳಿಯನ್ನು ಪಶುವೈದ್ಯರಿಗೆ ತಿಳಿಸಬೇಕು.

ಊರ ನಾಯಿ

ತಳಿಯ ಹೆಸರಿಲ್ಲದ ನಮ್ಮ ಊರ ನಾಯಿಗಳನ್ನು ಕಡೆಗಣಿಸುವುದು ಸರಿಯಲ್ಲ. ಸ್ಥಳೀಯ ಹವೆಗೆ ಒಗ್ಗಿರುವುದು, ಮನೆಯ ಅಡುಗೆಯನ್ನೇ ತಿಂದು ಬದುಕುವುದು, ಸದಾ ಎಚ್ಚರವಾಗಿರುವುದು ಇವುಗಳ ಬಲ. ಬೊಗಳಿ ಎಚ್ಚರಿಸುವ ಕೆಲಸಕ್ಕೆ ಬಹುತೇಕ ರೈತ ಕುಟುಂಬಗಳಿಗೆ ಊರ ನಾಯಿಯೇ ಸಾಕಾಗುತ್ತದೆ. ಹಿಂಡಿನ ಕಾವಲಿಗಂತೂ, ವಲಸೆ ಹೋಗುವ ಕುರಿಗಾಹಿಗಳ ಬಳಿ ಹಿಂಡಿನೊಂದಿಗೇ ದುಡಿಯುತ್ತಿರುವ ತಾಯಿಯ ಮರಿಯು ದುಬಾರಿ ಬೆಲೆಯ ತಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ರೋಗ ತಗಲುವುದಿಲ್ಲವೆಂಬ ನಂಬಿಕೆ ಮಾತ್ರ ತಪ್ಪು. ಲಸಿಕೆ ಊರ ನಾಯಿಗೂ ಅಷ್ಟೇ ಅಗತ್ಯ.

ತಮಿಳುನಾಡಿನ ತಳಿಗಳು

ರಾಜಪಾಳಯಂ ಬಿಳಿ ಬಣ್ಣದ, ದೊಡ್ಡ ಗಾತ್ರದ ಕಾವಲು ನಾಯಿ. ಅಪರಿಚಿತರ ಮೇಲೆ ಎರಗುವ ಸ್ವಭಾವ ಹೆಚ್ಚಿರುವುದರಿಂದ ಮೊದಲ ಬಾರಿಗೆ ನಾಯಿ ಸಾಕುವವರಿಗೆ ಸೂಕ್ತವಲ್ಲ. ಅಚ್ಚ ಬಿಳಿಯ ನಾಯಿಗಳಲ್ಲಿ ಹುಟ್ಟುಕಿವುಡು ಕಂಡುಬರುವ ಸಾಧ್ಯತೆಯಿರುವುದರಿಂದ ಮರಿಯ ಶ್ರವಣಶಕ್ತಿಯನ್ನು ಪರೀಕ್ಷಿಸಿಯೇ ತರಬೇಕು. ಚಿಪ್ಪಿಪಾರೈ ಮತ್ತು ಕನ್ನಿ ಮುಧೋಳದಂತೆಯೇ ಓಟದ ನಾಯಿಗಳು. ಕೊಂಬೈ ಮಧ್ಯಮ ಗಾತ್ರದ ಗಟ್ಟಿಮುಟ್ಟಾದ ಕಾವಲು ನಾಯಿ.

ವಿದೇಶಿ ತಳಿಗಳು

ಜರ್ಮನ್ ಶೆಫರ್ಡ್ ಕಲಿಕೆಯಲ್ಲಿ ಚುರುಕು. ಆದರೆ ಸೊಂಟದ ಕೀಲಿನ ದೋಷ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ ಮತ್ತು ದಟ್ಟ ಕೂದಲಿಗೆ ನಿತ್ಯ ಆರೈಕೆ ಬೇಕು. ಲ್ಯಾಬ್ರಡಾರ್ ಮನೆಮಂದಿಯೊಂದಿಗೆ ಬಹಳ ಸ್ನೇಹದಿಂದಿರುತ್ತದೆ; ಆ ಸ್ನೇಹವನ್ನು ಹೆಚ್ಚಾಗಿ ಕಳ್ಳನಿಗೂ ತೋರಿಸುತ್ತದೆ. ಮೊಂಡು ಮೂಗಿನ ಪಗ್‌ನಂತಹ ನಾಯಿಗಳು ಬಿಸಿಲಿನಲ್ಲಿ ಉಸಿರಾಡಲು ಕಷ್ಟಪಡುತ್ತವೆ. ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳು ಶೀತ ಪ್ರದೇಶದ ನಾಯಿಗಳು. ಬಯಲುಸೀಮೆಯ ಹೊಲಮನೆಗೆ ಇವುಗಳನ್ನು ತರುವುದು ಪ್ರಾಣಿಗೆ ಹಿಂಸೆ, ಮಾಲೀಕರಿಗೆ ನಷ್ಟ.

ಮೂರನೆಯ ಹೆಜ್ಜೆ: ಮರಿಯನ್ನು ಎಲ್ಲಿಂದ ತರಬೇಕು

ಮರಿಯ ಮೂಲವು ತಳಿಯಷ್ಟೇ ಮುಖ್ಯ. ಕೆಳಗಿನ ಮೂಲಗಳನ್ನು ಪರಿಶೀಲಿಸಬಹುದು.

ಸರ್ಕಾರಿ ಕೇಂದ್ರ: ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ಮುಧೋಳ ತಳಿಯ ಸಂರಕ್ಷಣೆ, ಸಂವರ್ಧನೆ ಮತ್ತು ಮರಿಗಳ ವಿತರಣೆ ಈ ಕೇಂದ್ರದ ಕಾರ್ಯಗಳು. ತಂದೆತಾಯಿಗಳ ದಾಖಲೆಯಿರುವುದರಿಂದ ಶುದ್ಧ ತಳಿ ಬಯಸುವವರು ಮೊದಲು ಇಲ್ಲಿ ವಿಚಾರಿಸಬೇಕು. ಮರಿಗಳ ಲಭ್ಯತೆ, ದರ ಮತ್ತು ಸರದಿಯನ್ನು ಮುಂಚಿತವಾಗಿ ತಿಳಿದುಕೊಂಡು ಹೋಗುವುದು ಒಳಿತು.

ಗ್ರಾಮೀಣ ಸಾಕಣೆದಾರರು: ಮುಧೋಳ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹಲವು ಕುಟುಂಬಗಳು ಈ ನಾಯಿಗಳ ಸಾಕಣೆಯನ್ನು ಉಪಕಸುಬಾಗಿ ಮಾಡಿಕೊಂಡಿವೆ. ಇಲ್ಲಿ ತಾಯಿಯನ್ನೂ, ಸಾಧ್ಯವಾದರೆ ತಂದೆಯನ್ನೂ ನೋಡಬಹುದು. ತಾಯಿಯನ್ನು ತೋರಿಸಲು ಹಿಂಜರಿಯುವವರಿಂದ ಮರಿಯನ್ನು ಕೊಳ್ಳಬಾರದು. ತಳಿಯ ಹೆಸರು ಪ್ರಚಾರ ಪಡೆದಂತೆ ಮಿಶ್ರ ತಳಿಯ ಮರಿಗಳನ್ನೂ ಶುದ್ಧ ಮುಧೋಳವೆಂದು ಮಾರುವ ಅಪಾಯ ಹೆಚ್ಚುತ್ತದೆ. ಎರಡು ತಿಂಗಳ ಮರಿಯ ಮೈಕಟ್ಟು ನೋಡಿ ತಳಿಯನ್ನು ನಿಖರವಾಗಿ ಹೇಳುವುದು ಅನುಭವಿಗಳಿಗೂ ಕಷ್ಟ. ತಂದೆತಾಯಿಗಳನ್ನು ನೋಡುವುದೇ ಇದಕ್ಕಿರುವ ಪರಿಹಾರ.

ಕುರಿಗಾಹಿಗಳು: ಹಿಂಡಿನ ಕಾವಲಿಗೆ ಮರಿ ಬೇಕಾದವರು ಮೊದಲು ವಿಚಾರಿಸಬೇಕಾದದ್ದು ಕುರಿಗಾಹಿಗಳನ್ನು. ತಾಯಿ ನಾಯಿಯು ಕುರಿಗಳ ನಡುವೆ ಹೇಗೆ ವರ್ತಿಸುತ್ತದೆ, ಈದ ಕುರಿಯ ಬಳಿ ಶಾಂತವಾಗಿರುತ್ತದೆಯೇ, ರಾತ್ರಿ ದೊಡ್ಡಿ ಬಿಟ್ಟು ಹೋಗುತ್ತದೆಯೇ ಎಂಬುದನ್ನು ಒಂದು ಸಂಜೆ ಅಲ್ಲಿಯೇ ಕುಳಿತು ನೋಡಬೇಕು.

ನೆರೆಹೊರೆಯ ಮನೆಗಳು ಮತ್ತು ದತ್ತು: ಪರಿಚಿತರ ಮನೆಯಲ್ಲಿ ಹುಟ್ಟಿದ ಊರ ನಾಯಿಯ ಮರಿ ಮನೆಯ ಕಾವಲಿಗೆ ಒಳ್ಳೆಯ ಆಯ್ಕೆ. ನಗರಗಳಲ್ಲಿ ಪ್ರಾಣಿದಯಾ ಸಂಸ್ಥೆಗಳು ಲಸಿಕೆ ಹಾಕಿಸಿದ ನಾಯಿಗಳನ್ನು ದತ್ತು ನೀಡುತ್ತವೆ. ಬೆಳೆದ ನಾಯಿಯನ್ನು ದತ್ತು ಪಡೆಯುವವರು ಅದರ ಸ್ವಭಾವವನ್ನು ಮೊದಲೇ ನೋಡಿ ತಿಳಿಯಬಹುದಾದ ಅನುಕೂಲವಿದೆ. ರಸ್ತೆಯಲ್ಲಿ ಸಿಕ್ಕ ಅನಾಥ ಮರಿಯ ವಿಷಯದಲ್ಲಿ ಎಚ್ಚರ ಅಗತ್ಯ. ತಾಯಿ ಇದ್ದಕ್ಕಿದ್ದಂತೆ ಸತ್ತಿದ್ದರೆ ಅಥವಾ ಹುಚ್ಚು ಹಿಡಿದಂತೆ ಕಂಡಿದ್ದರೆ ಅದರ ಮರಿಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೊಂಡು ಪಶುವೈದ್ಯರಿಗೆ ತಿಳಿಸಬೇಕು; ಮನೆಗೆ ತರಬಾರದು.

ಅಂಗಡಿ, ಸಂತೆ ಮತ್ತು ಮೊಬೈಲ್ ಮೂಲಕ ಮಾರಾಟ: ಹಲವು ಕಡೆಯ ಮರಿಗಳನ್ನು ಒಂದೇ ಪಂಜರದಲ್ಲಿ ಕೂಡಿಹಾಕುವ ಸ್ಥಳಗಳಲ್ಲಿ ಪಾರ್ವೊ, ಡಿಸ್ಟೆಂಪರ್ ರೋಗಗಳು ಒಂದರಿಂದ ಇನ್ನೊಂದಕ್ಕೆ ಬೇಗನೆ ಹರಡುತ್ತವೆ. ಕೊಂಡ ದಿನ ಲವಲವಿಕೆಯಿಂದಿದ್ದ ಮರಿ ನಾಲ್ಕೈದು ದಿನಗಳಲ್ಲಿ ವಾಂತಿ, ರಕ್ತಭೇದಿಯಿಂದ ಮಲಗಲು ಕಾರಣ ಇದೇ. ಚಿತ್ರವನ್ನಷ್ಟೇ ನೋಡಿ ಮುಂಗಡ ಹಣ ಕಳುಹಿಸುವುದನ್ನು, ಬಸ್ಸಿನಲ್ಲಿ ಪೆಟ್ಟಿಗೆಯೊಳಗೆ ಮರಿಯನ್ನು ತರಿಸುವುದನ್ನು ಸಂಪೂರ್ಣವಾಗಿ ಬಿಡಬೇಕು.

ನಾಯಿಗಳ ಸಂವರ್ಧನೆ ಮತ್ತು ಮಾರಾಟ ಕುರಿತ 2017ರ ಕೇಂದ್ರ ನಿಯಮಗಳ ಪ್ರಕಾರ ಮರಿಗಳನ್ನು ಮಾರುವ ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯನ್ನು ಸಂತಾನಕ್ಕೆ ಬಳಸುವಂತಿಲ್ಲ. ಕೊಳ್ಳುವವರು ನೋಂದಣಿ, ಲಸಿಕೆ ಮತ್ತು ಜಂತುನಾಶಕದ ದಾಖಲೆಗಳನ್ನು ಕೇಳಿ ಪಡೆಯಬೇಕು.

ಮರಿಯ ವಯಸ್ಸು ಮತ್ತು ಲಿಂಗ

ಮರಿಯನ್ನು ಎಂಟರಿಂದ ಹತ್ತು ವಾರಗಳ ವಯಸ್ಸಿನಲ್ಲಿ ತರುವುದು ಉತ್ತಮ. ತಿಂಗಳಿಗೇ ತಾಯಿಯಿಂದ ಬೇರ್ಪಡಿಸಿದ ಮರಿಗೆ ಹಾಲಿನ ಪೋಷಣೆ ಸಾಲದು. ಜೊತೆಗೆ ಒಡಹುಟ್ಟಿದ ಮರಿಗಳೊಂದಿಗೆ ಆಡುತ್ತಾ ಕಲಿಯಬೇಕಾದ, ಹಲ್ಲನ್ನು ಮಿತವಾಗಿ ಬಳಸುವ ಪಾಠವೂ ತಪ್ಪಿಹೋಗುತ್ತದೆ. ಅಂತಹ ಮರಿಗಳು ಮುಂದೆ ಕಚ್ಚುವ ನಾಯಿಗಳಾಗುವ ಸಾಧ್ಯತೆ ಹೆಚ್ಚು.

ಹೆಣ್ಣು ಮರಿಯನ್ನು ಬೇಡವೆನ್ನುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಗಂಡು ನಾಯಿಯು ಬೆದೆಗೆ ಬಂದ ಹೆಣ್ಣನ್ನು ಅರಸಿ ದಿನಗಟ್ಟಲೆ ಅಲೆಯುತ್ತದೆ, ಕಾದಾಡಿ ಗಾಯ ಮಾಡಿಕೊಳ್ಳುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಹೆಣ್ಣು ನಾಯಿ ಮನೆ ಬಿಟ್ಟು ಹೋಗುವುದು ಕಡಿಮೆ. ಕಾವಲಿನಲ್ಲಿ ಗಂಡಿಗೆ ಸರಿಸಮಾನ. ಸಂತಾನದ ಉದ್ದೇಶವಿಲ್ಲದವರು ಗಂಡಾಗಲಿ ಹೆಣ್ಣಾಗಲಿ ಸರಿಯಾದ ವಯಸ್ಸಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಬೇಕು.

ಸ್ಥಳದಲ್ಲಿಯೇ ಮರಿಯನ್ನು ಪರೀಕ್ಷಿಸುವ ವಿಧಾನ

ಮರಿಗಳು ಎಚ್ಚರವಾಗಿರುವ ಹೊತ್ತಿನಲ್ಲಿ ಹೋಗಿ, ಆತುರಪಡದೆ ಕಾಲು ಗಂಟೆ ಅವುಗಳ ಆಟವನ್ನು ನೋಡಬೇಕು. ಅನಂತರ ಕೆಳಗಿನ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

1. ಮರಿಗಳಿರುವ ಜಾಗ: ನೆಲದ ಮೇಲೆ ನೀರಾದ ಅಥವಾ ರಕ್ತಮಿಶ್ರಿತ ಮಲ, ವಾಂತಿ ಕಂಡರೆ ಯಾವ ಮರಿಯನ್ನೂ ತರಬಾರದು. ಒಂದು ಮರಿಗೆ ರೋಗವಿದ್ದರೆ ಅದು ಎಲ್ಲ ಮರಿಗಳಿಗೂ ತಗಲಿರಬಹುದು.

2. ಕಣ್ಣು, ಮೂಗು: ಕಣ್ಣುಗಳು ತಿಳಿಯಾಗಿರಬೇಕು. ಪಿಸುರು ಕಟ್ಟಿದ ಕಣ್ಣು, ಸುರಿಯುವ ಮೂಗು, ಕೆಮ್ಮು ಡಿಸ್ಟೆಂಪರ್ ರೋಗದ ಮೊದಲ ಚಿಹ್ನೆಗಳಾಗಿರಬಹುದು.

3. ವಸಡು: ನಸುಗೆಂಪಾಗಿರಬೇಕು. ಬಿಳಿಚಿದ ವಸಡು ಕೊಕ್ಕೆಹುಳು ಅಥವಾ ಉಣ್ಣೆಗಳಿಂದಾದ ರಕ್ತಹೀನತೆಯನ್ನು ಸೂಚಿಸುತ್ತದೆ.

4. ಹೊಟ್ಟೆ: ಮೈ ಬಡಕಲಾಗಿದ್ದು ಹೊಟ್ಟೆ ಮಾತ್ರ ಗುಡಾಣದಂತಿದ್ದರೆ ಜಂತುಹುಳುಗಳಿವೆ ಎಂದರ್ಥ. ಹೊಕ್ಕುಳ ಬಳಿ ಮೆತ್ತಗಿನ ಉಬ್ಬು ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು.

5. ಚರ್ಮ: ಕೂದಲುದುರಿದ ಕಲೆ, ಕಜ್ಜಿ, ಕಿವಿಯೊಳಗೆ ಮತ್ತು ಬೆರಳುಗಳ ಸಂದಿನಲ್ಲಿ ಉಣ್ಣೆಗಳಿವೆಯೇ ಎಂದು ನೋಡಬೇಕು.

6. ನಡೆ: ಮರಿಯನ್ನು ಗಟ್ಟಿ ನೆಲದ ಮೇಲೆ ಓಡಿಸಬೇಕು. ಕುಂಟುವುದು, ಹಿಂಗಾಲು ಎಳೆಯುವುದು, ಕಾಲುಗಳು ಬಾಗಿರುವುದು ದೋಷಗಳು.

7. ಶ್ರವಣ: ಮರಿಯ ಬೆನ್ನ ಹಿಂದೆ, ಅದಕ್ಕೆ ಕಾಣದಂತೆ ಚಪ್ಪಾಳೆ ತಟ್ಟಬೇಕು. ತಿರುಗಿ ನೋಡದ ಮರಿಯನ್ನು ಒಂಟಿಯಾಗಿಟ್ಟು ಮತ್ತೊಮ್ಮೆ ಪರೀಕ್ಷಿಸಬೇಕು.

8. ಸ್ವಭಾವ: ತುಸು ದೂರದಲ್ಲಿ ಬೀಗದ ಕೈಗಳ ಗೊಂಚಲನ್ನು ನೆಲಕ್ಕೆ ಬೀಳಿಸಬೇಕು. ಬೆಚ್ಚಿ, ಅನಂತರ ಹತ್ತಿರ ಬಂದು ಮೂಸಿ ನೋಡುವ ಮರಿ ಉತ್ತಮ. ಓಡಿ ಮೂಲೆ ಸೇರಿ ಹೊರಬಾರದ ಮರಿ ಮುಂದೆ ಭಯದಿಂದ ಕಚ್ಚುವ ನಾಯಿಯಾಗಬಹುದು. ಎಲ್ಲರನ್ನೂ ತಳ್ಳಿ ಎರಗುವ ಮರಿಯನ್ನು ಹತೋಟಿಯಲ್ಲಿಡಲು ಅನುಭವ ಬೇಕು. ಚಿಕ್ಕ ಮಕ್ಕಳಿರುವ ಮನೆಗೆ, ಎತ್ತಿಕೊಂಡಾಗ ತುಸು ಒದ್ದಾಡಿ ಸುಮ್ಮನಾಗುವ, ಈ ಎರಡರ ನಡುವಿನ ಮರಿ ಸೂಕ್ತ.

ಸಣಕಲು ಮರಿಯನ್ನು ಕನಿಕರದಿಂದ ತರುವುದು ತಪ್ಪಲ್ಲ. ಆದರೆ ಚಿಕಿತ್ಸೆಯ ಖರ್ಚಿಗೆ ಸಿದ್ಧರಾಗಿ, ಮನೆಯಲ್ಲಿ ಬೇರೆ ಮರಿಗಳಿಲ್ಲದಿದ್ದಾಗ ಮಾತ್ರ ತರಬೇಕು.

ಮನೆಗೆ ತಂದ ಮೇಲೆ

ಹೊಸ ಮರಿಯನ್ನು ಮನೆಯ ಇತರ ನಾಯಿಗಳಿಂದ ಎರಡು ವಾರ ಪ್ರತ್ಯೇಕವಾಗಿಡಬೇಕು. ಮೊದಲ ಎರಡು ಮೂರು ದಿನ ಅದು ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು, ನಿಧಾನವಾಗಿ ಬದಲಿಸಬೇಕು. ರಾಗಿ, ಜೋಳ, ಅನ್ನವಷ್ಟೇ ಬೆಳೆಯುವ ಮರಿಗೆ ಸಾಲದು. ಬೇಯಿಸಿದ ಮೊಟ್ಟೆ, ಬೇಳೆ, ಸಾಧ್ಯವಾದರೆ ಬೇಯಿಸಿದ ಮಾಂಸ ಸೇರಿಸಬೇಕು. ಈರುಳ್ಳಿ, ಚಾಕೊಲೇಟ್ ಕೊಡಬಾರದು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳಿಗೆ ವಿಷಕಾರಿ. ವಿಜಯಪುರ ಭಾಗದ ದ್ರಾಕ್ಷಿ ಬೆಳೆಗಾರರು ಒಣಗಿಸುವ ಶೆಡ್‌ಗಳತ್ತ ನಾಯಿ ಸುಳಿಯದಂತೆ ನೋಡಿಕೊಳ್ಳಬೇಕು. ಇಲಿ ಪಾಷಾಣ ಮತ್ತು ಕೀಟನಾಶಕಗಳನ್ನು ಮರಿಗೆ ಎಟುಕದಂತೆ ಇಡಬೇಕು.

ಜಂತುನಾಶಕವನ್ನು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ ನೀಡಬೇಕು. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್ ರೋಗಗಳ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟು ವಾರಗಳಲ್ಲಿ ಆರಂಭಿಸಿ, ಹದಿನಾರು ವಾರಗಳವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪುನಃ ಹಾಕಿಸಬೇಕು. ರೇಬೀಸ್ ಲಸಿಕೆಯನ್ನು ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ಪಶುವೈದ್ಯರ ಸಲಹೆಯಂತೆ ವರ್ಧಕ ಲಸಿಕೆಯನ್ನೂ ಬಳಿಕ ಪ್ರತಿ ವರ್ಷವೂ ಲಸಿಕೆಯನ್ನು ಹಾಕಿಸಬೇಕು. ಕುರಿಗಳಿಗೆಂದು ತಂದ ಐವರ್‌ಮೆಕ್ಟಿನ್ ಔಷಧವನ್ನು ಅಳತೆ ತಿಳಿಯದೆ ನಾಯಿಗೆ ಹಾಕಬಾರದು. ಅದು ಪ್ರಾಣಕ್ಕೇ ಅಪಾಯ ತರಬಲ್ಲದು.

ಹಿಂದಿನ ಮರಿ ಪಾರ್ವೊ ರೋಗದಿಂದ ಸತ್ತ ಮನೆಯವರು ವಿಶೇಷ ಎಚ್ಚರ ವಹಿಸಬೇಕು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಅಂತಹ ಅಂಗಳಕ್ಕೆ ಲಸಿಕೆಯ ಸರಣಿ ಪೂರ್ಣಗೊಳ್ಳದ ಮರಿಯನ್ನು ತಂದರೆ ಅದೂ ಸಾಯುವ ಸಂಭವವಿದೆ. ಗಟ್ಟಿ ನೆಲ ಮತ್ತು ಪಾತ್ರೆಗಳನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಬಿಡಬೇಕು. ಇಂತಹ ಮನೆಗಳಿಗೆ ಲಸಿಕೆ ಪೂರ್ಣಗೊಂಡ ಬೆಳೆದ ನಾಯಿಯನ್ನು ತರುವುದೇ ಕ್ಷೇಮ.

ಹಿಂಡಿನ ಕಾವಲಿಗೆ ಮರಿಯನ್ನು ಬೆಳೆಸುವುದು

ಎಂಟರಿಂದ ಹದಿನಾರನೆಯ ವಾರದವರೆಗಿನ ಅವಧಿ ನಿರ್ಣಾಯಕವಾದುದು. ಈ ಅವಧಿಯಲ್ಲಿ ಮರಿ ಯಾರೊಂದಿಗೆ ಇರುತ್ತದೆಯೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಆದ್ದರಿಂದ ಮರಿಯನ್ನು ಮನೆಯೊಳಗೆ ಮುದ್ದಿನಿಂದ ಬೆಳೆಸದೆ, ದೊಡ್ಡಿಯಲ್ಲಿ ನಾಲ್ಕಾರು ಸೌಮ್ಯ ಕುರಿಗಳ ಪಕ್ಕದಲ್ಲಿ, ತುಳಿತಕ್ಕೆ ಸಿಗದಂತೆ ನುಸುಳಿಕೊಳ್ಳಲು ಒಂದು ಮೂಲೆ ಮಾಡಿಕೊಟ್ಟು ಇರಿಸಬೇಕು. ದಿನಕ್ಕೆ ಎರಡು ಬಾರಿ ಮೈ ಸವರಿ, ಕರೆದಾಗ ಬರುವುದನ್ನು ಕಲಿಸಬೇಕು. ಕುರಿಯ ಬಾಲ, ಕಿವಿ ಕಚ್ಚುವುದನ್ನು, ಬೆನ್ನಟ್ಟುವುದನ್ನು ಮೊದಲ ಬಾರಿಗೇ ಗದರಿ ತಡೆಯಬೇಕು. ಆಟವೆಂದು ನಕ್ಕು ಬಿಟ್ಟರೆ ಅದೇ ಚಟವಾಗುತ್ತದೆ. ಒಂದೂವರೆಯಿಂದ ಎರಡು ವರ್ಷ ತುಂಬುವವರೆಗೆ ನಾಯಿಯೊಂದನ್ನೇ ನಂಬಿ ಹಿಂಡನ್ನು ಬಿಡಬಾರದು.

ಸತ್ತ ಕುರಿಯ ತಲೆ, ಈಲಿ, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಎಸೆಯುವ ರೂಢಿಯನ್ನು ಕೂಡಲೇ ನಿಲ್ಲಿಸಬೇಕು. ಅವುಗಳಲ್ಲಿರುವ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳುಗಳು ಬೆಳೆಯುತ್ತವೆ. ಆ ಹುಳುಗಳ ಮೊಟ್ಟೆಗಳು ನಾಯಿಯ ಮಲದ ಮೂಲಕ ಮೇವನ್ನು ಸೇರಿ ಮತ್ತೆ ಕುರಿಗಳಿಗೆ ತಗಲುತ್ತವೆ. ಮಿದುಳಿನಲ್ಲಿ ಗುಳ್ಳೆ ಬೆಳೆದ ಕುರಿ ಗಿರಗಿರನೆ ಸುತ್ತಿ ಸಾಯುತ್ತದೆ. ಇಂತಹ ಒಂದು ಬಗೆಯ ಹುಳುವಿನ ಮೊಟ್ಟೆ ಮನುಷ್ಯರ ದೇಹವನ್ನು ಸೇರಿದರೆ ಈಲಿಯಲ್ಲಿ ಗುಳ್ಳೆಗಳಾಗುತ್ತವೆ. ಹಿಂಡಿನ ನಾಯಿಗೆ ಲಾಡಿಹುಳುವಿನ ಔಷಧವನ್ನು ಪಶುವೈದ್ಯರ ಸಲಹೆಯಂತೆ ತಪ್ಪದೆ ಕೊಡಬೇಕು.

ರೇಬೀಸ್: ಮರೆಯಬಾರದ ಮಾತು

ಮರಿ ಕಚ್ಚಿದರೆ ಏನೂ ಆಗುವುದಿಲ್ಲವೆಂಬ ನಂಬಿಕೆ ಪ್ರಾಣಾಂತಿಕವಾದುದು. ರೇಬೀಸ್ ಮರಿಗಳಿಗೂ ಬರುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಚಿಕಿತ್ಸೆ ಇಲ್ಲ. ನಾಯಿ ಅಥವಾ ಮರಿ ಕಚ್ಚಿದರೆ, ಪರಚಿದರೆ ಅಥವಾ ಗಾಯವನ್ನು ನೆಕ್ಕಿದರೆ ಆ ಜಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಪಡೆಯಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಮರಿಯನ್ನು ತಂದ ದಿನವೇ ಅವರಿಗೆ, ಸಣ್ಣ ಗೀರಾದರೂ ತಪ್ಪದೆ ಹೇಳಬೇಕೆಂದು ತಿಳಿಹೇಳಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರು ಯಾವ ತಳಿ ಒಳ್ಳೆಯದೆಂದು ಕೇಳಿದಾಗ, ಯಾವ ಕೆಲಸಕ್ಕೆ ಎಂದು ಮರುಪ್ರಶ್ನಿಸುವುದು ಸಲಹೆಯ ಮೊದಲ ಹಂತವಾಗಿರಲಿ. ಗ್ರಾಮದಲ್ಲಿ ಲಸಿಕೆ ಹಾಕಿಸಿದ, ಒಳ್ಳೆಯ ಸ್ವಭಾವದ ಹೆಣ್ಣು ನಾಯಿಗಳು ಯಾರ ಬಳಿ ಇವೆ ಎಂಬುದನ್ನು ಗುರುತಿಸಿಟ್ಟುಕೊಂಡರೆ ಮರಿ ಬೇಕಾದವರಿಗೆ ದಾರಿ ತೋರಿಸಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸಂದರ್ಭದಲ್ಲಿ ನಡೆಯುವ ಲಸಿಕಾ ಶಿಬಿರಗಳ ಮಾಹಿತಿಯನ್ನು ಕುರಿಗಾಹಿಗಳಿಗೆ ಮುಂಚಿತವಾಗಿ ತಲುಪಿಸಬೇಕು. ಅವರು ವಲಸೆಯಲ್ಲಿದ್ದರೆ ಸಮೀಪದ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಲು ನೆರವಾಗಬೇಕು. ತುರ್ತು ಪಶುವೈದ್ಯಕೀಯ ನೆರವಿಗೆ 1962 ಸಂಖ್ಯೆಗೆ ಕರೆ ಮಾಡಬಹುದೆಂಬುದನ್ನು ತಿಳಿಸಬೇಕು.

ಸಾರಾಂಶ

ಮನೆಯ ಕಾವಲಿಗೆ ಪರಿಚಿತರ ಮನೆಯ ಊರ ನಾಯಿಮರಿ, ಹಿಂಡಿನ ಕಾವಲಿಗೆ ಹಿಂಡಿನಲ್ಲೇ ದುಡಿಯುವ ತಾಯಿಯ ಮರಿ, ವಿಶಾಲ ತೋಟವುಳ್ಳವರಿಗೆ ದಾಖಲೆಯುಳ್ಳ ಮೂಲದಿಂದ ತಂದ ಮುಧೋಳ ಮರಿ ಸೂಕ್ತ ಆಯ್ಕೆಗಳು. ಯಾವುದನ್ನೇ ಆರಿಸಿದರೂ ತಾಯಿಯನ್ನು ನೋಡಬೇಕು, ಎಂಟು ವಾರ ಕಾಯಬೇಕು, ಲಸಿಕೆಯ ಖರ್ಚನ್ನು ಮರಿಯ ಬೆಲೆಯೊಂದಿಗೇ ಲೆಕ್ಕ ಹಾಕಬೇಕು. ಹತ್ತು ಹನ್ನೆರಡು ವರ್ಷ ಅನ್ನ, ನೀರು, ನೆರಳು ಕೊಡುವ ಅನುಕೂಲ ಈಗ ಇಲ್ಲವೆನಿಸಿದರೆ, ಅನುಕೂಲವಾದಾಗ ತರೋಣವೆಂದು ಮುಂದೂಡುವುದೂ ಸರಿಯಾದ ನಿರ್ಧಾರವೇ ಆಗಿದೆ.